‘ಹೌದು’ ಎಂದದ್ದು ಯಾವುದಕ್ಕೆ?

ವಿಂಡೋಸ್ ಕಂಪ್ಯೂಟರಿನ ರಿಜಿಸ್ಟ್ರಿ ಎಂದರೆ ಊರಿಗೆಲ್ಲ ಒಂದೇ ದಫ್ತರ ಇದ್ದ ಹಾಗೆ. ಯಾವ ಡ್ರೈವರ್ ಎಲ್ಲಿದೆ, ಯಾವ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕು, ಎಲ್ಲ ಅಲ್ಲೇ ದಾಖಲು. ಹೊಸ ತಂತ್ರಾಂಶ ಹಾಕುವಾಗ ಇನ್‌ಸ್ಟಾಲರ್ ಆ ದಫ್ತರದಲ್ಲಿ ಬರೆಯುತ್ತದೆ, ಅಳಿಸುತ್ತದೆ. ನಾವು ‘ಹೌದು’ ಒತ್ತಿ ಸುಮ್ಮನಾಗುತ್ತೇವೆ. ಆ ‘ಹೌದು’ ಎಷ್ಟಕ್ಕೆ ಒಪ್ಪಿಗೆ?

ಎರಡು ಪ್ರಸಂಗಗಳನ್ನು ನೋಡೋಣ. 2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಂಗೀತದ ಸಿಡಿಗಳು ನಕಲು ತಡೆಯುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಇಳಿಸಿ, ಅದು ಬಳಕೆದಾರರ ಕಣ್ಣಿಗೇ ಬೀಳದಂತೆ ಅಡಗಿಸಿದ್ದವು. ಅದನ್ನು ಪತ್ತೆಹಚ್ಚಿದ ಮಾರ್ಕ್ ರಸಿನೋವಿಚ್ ಅದರ ಡ್ರೈವರುಗಳನ್ನು ಅಳಿಸಿದಾಗ ಸಿಡಿ ಡ್ರೈವೇ ಕಾಣೆಯಾಯಿತು. ಇಲ್ಲದ ಡ್ರೈವರುಗಳ ಹೆಸರು ರಿಜಿಸ್ಟ್ರಿಯಲ್ಲಿ ಇನ್ನೂ ಉಳಿದಿತ್ತು.

2007ರ ಡಿಸೆಂಬರಿನಲ್ಲಿ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ‘ಈವ್ ಆನ್‌ಲೈನ್’ ಆಟಕ್ಕೆ ಹೊಸ ಆವೃತ್ತಿ ಬಿಟ್ಟಿತು. ಆಟಕ್ಕೂ ವಿಂಡೋಸ್ ಎಕ್ಸ್‌ಪಿಗೂ ‘ಬೂಟ್.ಐಎನ್ಐ’ ಎಂಬ ಒಂದೇ ಹೆಸರಿನ ಫೈಲ್ ಇತ್ತು. ಇನ್‌ಸ್ಟಾಲರ್ ಕೆಲವರಲ್ಲಿ ಆಟದ ಫೈಲಿನ ಬದಲು ವಿಂಡೋಸಿನದನ್ನೇ ಅಳಿಸಿತು. ಮತ್ತೆ ಆನ್ ಮಾಡಿದಾಗ ಕಂಪ್ಯೂಟರ್ ಏಳಲಿಲ್ಲ. ಹೇಗೆ ಹೀಗಾಯಿತೆಂದು ಕಂಪನಿ ಬಹಿರಂಗವಾಗಿ ವಿವರಿಸಿತು.

ಪರಿಣಾಮವನ್ನಷ್ಟೇ ತೂಗಿದರೆ ಎರಡನೆಯದೇ ದೊಡ್ಡ ಏಟು: ಹೋದದ್ದು ಸಿಡಿ ಡ್ರೈವಲ್ಲ, ಇಡೀ ಯಂತ್ರ. ಆದರೂ ನನಗೆ ಮೊದಲನೆಯದೇ ಹೆಚ್ಚು ಹೇಯವೆನ್ನಿಸುತ್ತದೆ. ಬಚ್ಚಿಟ್ಟದ್ದಕ್ಕೆ ಯಾರೂ ಒಪ್ಪಿಗೆ ಕೊಡಲಾರರು. ಅಲ್ಲಿ ‘ಹೌದು’ ಎಂಬುದನ್ನು ಕದ್ದಿದ್ದರು. ಇಲ್ಲಿ ಕೊಟ್ಟ ‘ಹೌದ’ನ್ನು ಅಜಾಗರೂಕತೆಯಿಂದ ಬಳಸಿದ್ದರು.

ಹಾಗೆಂದು ಎರಡನೆಯವರನ್ನು ‘ಪಾಪ, ಬೇಕೆಂದು ಮಾಡಲಿಲ್ಲ’ ಎಂದು ಬಿಟ್ಟುಬಿಡಬಹುದೆ? ನಾಳೆ ಪ್ರಬಂಧ ಒಪ್ಪಿಸಬೇಕಾದವನ ಕಂಪ್ಯೂಟರ್ ಏಳದಿದ್ದರೆ ಇನ್ನೊಬ್ಬರ ಸದುದ್ದೇಶದಿಂದ ಅವನಿಗೇನೂ ದಕ್ಕದು. ಉದ್ದೇಶ ನೋಡಿ ನಿಂದೆಯನ್ನು ಹಗುರ ಮಾಡಬಹುದು, ಹೊಣೆಯನ್ನಲ್ಲ. ಒಂದು ಕೋಣೆಯ ಕೆಲಸಕ್ಕೆ ಇಡೀ ಮನೆಯ ಬೀಗದಕೈ ಪಡೆದವರು ಇಡೀ ಮನೆಯಷ್ಟೇ ಎಚ್ಚರಿಕೆ ವಹಿಸಬೇಕು.

ತಂತ್ರಾಂಶದ ಕರಾರುಗಳು ಸಾಮಾನ್ಯವಾಗಿ ಹೇಳುವುದು ಇದರ ತದ್ವಿರುದ್ಧ: ಇದ್ದದ್ದನ್ನು ಇದ್ದಂತೆ ಕೊಟ್ಟಿದ್ದೇವೆ, ನಷ್ಟಕ್ಕೆ ನಾವು ಹೊಣೆಯಲ್ಲ. ಯಾರೂ ಪೂರ್ತಿ ಓದದ ಆ ಸಾಲುಗಳ ಕೆಳಗೂ ನಮ್ಮ ಅದೇ ‘ಹೌದು’ ಇರುತ್ತದೆ. ಕಾನೂನು ಅದನ್ನು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ಬೇರೆ ಮಾತು. ನೀತಿಯ ಲೆಕ್ಕದಲ್ಲಿ ಮಾತ್ರ ನಾವು ಕೊಟ್ಟದ್ದು ಒಳಗೆ ಬರುವ ಅನುಮತಿ, ಮುಂಗಡ ಕ್ಷಮೆಯಲ್ಲ.