ಅತಿಥಿ, ಆಶ್ರಿತ, ನೆರೆಯವ

ಮನೆಬಾಗಿಲಿಗೆ ಬಂದವನನ್ನು ಆದರಿಸತಕ್ಕದ್ದೆಂಬ ವಿಷಯದಲ್ಲಿ ಲೋಕದ ಮತಗಳಿಗೆ ಭಿನ್ನಾಭಿಪ್ರಾಯವಿಲ್ಲ. ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ಉಪನಿಷತ್ತು ವಿಧಿಸಿತು. ಜಂಗಮಕ್ಕೆ ನೀಡಿದುದೇ ಶಿವನಿಗೆ ಮುಟ್ಟುವುದೆಂದು ಶರಣರು ಸಾರಿದರು. ದಾರಿಹೋಕನಿಗೂ ಅನಾಥನಿಗೂ ಉಳ್ಳವರ ಸಂಪತ್ತಿನಲ್ಲಿ ಪಾಲುಂಟೆಂದು ಇಸ್ಲಾಮು ಕಟ್ಟುಮಾಡಿತು. ಇಷ್ಟು ಒಮ್ಮತವಿರುವ ವಿಷಯದಲ್ಲಿ ವಿಚಾರಮಾಡತಕ್ಕ ಅಂಶವು ಇನ್ನೇನು ಉಳಿದಿದೆಯೆಂದು ಕೆಲವರಿಗೆ ತೋರಬಹುದು. ಉಳಿದಿರುವ ಪ್ರಶ್ನೆಯು ಇದು: ಬಂದವನು ಹಿಂದಿರುಗಿ ಹೋಗಲಾರದವನಾದರೆ ಅವನಿಗೆ ಸಲ್ಲತಕ್ಕುದು ಯಾವುದು? ಒಂದು ಹೊತ್ತಿನ ಊಟದಿಂದ ತೀರದ ಹೊಣೆಯನ್ನು ಊರು ಹೇಗೆ ಹೊರಬೇಕು?

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿಯೆಂದು ಆ ಪದಕ್ಕೆ ಅರ್ಥ ಹೇಳುವುದುಂಟು. ಬರುವ ತಿಥಿಯು ತಿಳಿಯದಿದ್ದರೂ ಹೋಗುವ ತಿಥಿಯನ್ನು ಮನೆಯವರು ಸುಮಾರಾಗಿ ಬಲ್ಲರು. ಅತಿಥಿಸತ್ಕಾರವು ಸುಲಭವಾಗಿರುವುದಕ್ಕೆ ಇದೇ ಕಾರಣ. ಅತಿಥಿಗೆ ಬೇರೊಂದೆಡೆ ತನ್ನ ಮನೆಯುಂಟು. ಅಲ್ಲಿ ಅವನೇ ಯಜಮಾನನು. ಇಂದು ಇಲ್ಲಿ ಉಂಡುದನ್ನು ಅವನು ನಾಳೆ ಅಲ್ಲಿ ಬಡಿಸಬಲ್ಲನು. ಆದುದರಿಂದ ಉಣ್ಣುವಾಗ ಅವನ ತಲೆ ತಗ್ಗುವುದಿಲ್ಲ. ಮನೆಮಠಗಳನ್ನು ಬಿಟ್ಟು ಬಂದವನ ಸ್ಥಿತಿಯು ಹಾಗಲ್ಲ. ಅವನಿಗೆ ಹೋಗುವ ತಿಥಿಯಿಲ್ಲ. ಮರಳಿ ಬಡಿಸುವುದಕ್ಕೆ ಪಂಕ್ತಿಯಿಲ್ಲ. ಅವನು ಅತಿಥಿಯಾಗಿ ಹೊಸ್ತಿಲು ದಾಟಿ, ತಿಂಗಳೊಪ್ಪತ್ತಿನಲ್ಲಿ ಆಶ್ರಿತನಾಗುವನು. ಆಶ್ರಿತನಾದ ಮೇಲೆ ಅವನ ಗತಿಯೇನೆಂಬುದನ್ನು ಅತಿಥಿಧರ್ಮವು ಹೇಳುವುದಿಲ್ಲ.

ಯಾದಗಿರಿ ಸೀಮೆಯ ಕೊಂಕಲ್‌ನಂಥ ಗ್ರಾಮಗಳಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ನಾಡಿನಲ್ಲಿ ಕೃಷ್ಣೆ ಭೀಮೆಗಳು ಹರಿಯುತ್ತಿದ್ದರೂ ಕಾಲುವೆಯ ನೀರು ಮುಟ್ಟದ ಹೊಲಗಳೆಲ್ಲ ಮಳೆಯನ್ನೇ ನಂಬಿರುವುವು. ಜೋಳ, ತೊಗರಿ, ಹತ್ತಿಗಳ ಸುಗ್ಗಿಯು ತೀರಿದ ಬಳಿಕ ಕೂಲಿಯಿಲ್ಲದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಹೊರಡುವುವು. ಇದಕ್ಕೆ ಗುಳೆ ಹೋಗುವುದೆಂದು ಜನರು ಹೇಳುವರು. ಬಾಗಿಲಿಗೆ ಬೀಗ ಬೀಳುವುದು. ಕಟ್ಟೆಯ ಮೇಲೆ ಮುದುಕರು ಉಳಿಯುವರು. ಶಾಲೆಯ ಹಾಜರಿಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುವುದು. ಬರಗಾಲದಲ್ಲಿ ಪರದೇಶಿಗೆ ಒಂದು ಹಿಡಿ ಹಿಟ್ಟು ನೀಡುವ ತಾಯಿಯೇ ಮತ್ತೊಂದು ವರ್ಷ ತಾನೇ ಪರಸ್ಥಳದ ಬಾಗಿಲಲ್ಲಿ ನಿಂತಿರುವಳು. ಆಶ್ರಯ ಕೊಡುವವರ ಜಾತಿಯೊಂದು, ಬೇಡುವವರ ಜಾತಿಯೊಂದು ಎಂಬ ಭೇದವು ಈ ನಾಡಿನಲ್ಲಿ ನಿಲ್ಲಲಾರದು.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1947ರ ಆಗಸ್ಟಿನಲ್ಲಿ ಭಾರತವು ಸ್ವತಂತ್ರವಾದಾಗ ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ನಿಜಾಮನ ರಾಜ್ಯದಲ್ಲಿಯೇ ಉಳಿದುವು. ರಜಾಕಾರರ ಹಾವಳಿಗೆ ಸಿಕ್ಕಿದ ಅನೇಕ ಕುಟುಂಬಗಳು ಗಡಿಯನ್ನು ದಾಟಿ ಸೊಲ್ಲಾಪುರ, ಬಿಜಾಪುರ, ಧಾರವಾಡ ಜಿಲ್ಲೆಗಳನ್ನು ಸೇರಿದುವು. ಮುಂಡರಗಿ, ಗಜೇಂದ್ರಗಡ ಮೊದಲಾದ ಊರುಗಳಲ್ಲಿ ಹೋರಾಟದ ಶಿಬಿರಗಳೆದ್ದುವು. ಊರು ಬಿಟ್ಟು ಬಂದ ತರುಣನು ಅಲ್ಲಿ ಉಣ್ಣುವ ಕೈಯಾಗಿ ಮಾತ್ರ ಉಳಿಯಲಿಲ್ಲ. ತನ್ನ ನಾಡಿನ ಬಿಡುಗಡೆಯ ಕೆಲಸಕ್ಕೂ ಕೈಯಾದನು.

1948ರ ಸೆಪ್ಟೆಂಬರ್ 13ರಿಂದ 17ರ ವರೆಗೆ ನಡೆದ ಪೋಲೀಸು ಕಾರ್ಯಾಚರಣೆಯಿಂದ ಆ ಭಯವು ತೀರಿತು. ಆದರೆ ಭಯವು ನಾಡನ್ನು ಬಿಟ್ಟುಹೋಗಲಿಲ್ಲ, ಮನೆಯನ್ನು ಬದಲಾಯಿಸಿತು. ಆ ಬಳಿಕ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡು ಎರಗಿತು. ಅದೇ ವರ್ಷದ ಕೊನೆಯಲ್ಲಿ ಸಂಚಾರಮಾಡಿದ ಪಂಡಿತ ಸುಂದರಲಾಲರ ಸಮಿತಿಯು ಹತರಾದವರ ಸಂಖ್ಯೆಯನ್ನು ಕಡಮೆಯೆಂದರೂ 27,000ದಿಂದ 40,000 ಎಂದು ಅಂದಾಜುಮಾಡಿತು. ಅತ್ಯಂತ ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳನ್ನೂ ಎಣಿಸಿತು. ನಿನ್ನೆ ಓಡಿದವರು ಮರಳಿ ಬರುತ್ತಿರುವಾಗಲೇ ಇಂದು ಓಡುವವರು ಹೊರಟರು. ಈ ಸಂಗತಿಯನ್ನು ನೆನೆಯುವುದು ಯಾರಿಗೂ ಹಿತವಲ್ಲ. ಆದರೂ ಅರ್ಧ ನೆನಪಿನ ಮೇಲೆ ಕಟ್ಟಿದ ಧರ್ಮವು ಅರ್ಧಧರ್ಮವೇ ಸರಿ.

ಅದೇ ವರದಿಯಲ್ಲಿ ವಿಚಾರಪರರು ಮನಸ್ಸಿಟ್ಟು ನೋಡತಕ್ಕ ಇನ್ನೊಂದು ಅಂಶವಿದೆ. ತಮ್ಮ ಪ್ರಾಣವನ್ನೊಡ್ಡಿ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳೂ ಇದ್ದರು. ಒಂದೇ ಕಸುಬಿನವರಲ್ಲಿ ಈ ಮೈತ್ರಿಯು ಹೆಚ್ಚಾಗಿ ಕಂಡಿತೆಂದು ಸಮಿತಿಯು ಬರೆಯಿತು. ಹಿಂದೂ ನೇಕಾರರು ತಮ್ಮವರನ್ನೇ ಎದುರಿಸಿ ಮುಸಲ್ಮಾನ ನೇಕಾರರನ್ನು ಉಳಿಸಿದರು. ಅವರನ್ನು ಹಾಗೆ ನಡೆಯಿಸಿದುದು ಯಾವುದು? ದಯೆಯೆನ್ನಬಹುದು. ಆದರೆ ದಯೆಯು ಎಲ್ಲರಲ್ಲಿಯೂ ಸ್ವಲ್ಪಸ್ವಲ್ಪ ಇದ್ದೇ ಇರುವುದು. ಭಯದ ಗಾಳಿ ಬೀಸಿದೊಡನೆ ಆರಿಹೋಗುವುದು. ನೇಕಾರನಲ್ಲಿ ಆರದೆ ಉಳಿದುದು ದಯೆಗಿಂತ ಗಟ್ಟಿಯಾದ ವಸ್ತು. ಒಂದು ನೂಲು, ಒಂದು ಸಂತೆ, ಹೊತ್ತಿಗೆ ಒದಗಿದ ಸಹಾಯ, ಅದನ್ನು ಮರಳಿಸಿದ ನೆನಪು, ಇವೆಲ್ಲ ಹೆಣೆದು ಆದ ನೆರೆತನವದು.

ಈ ನೆರೆತನಕ್ಕೆ ಕನ್ನಡದಲ್ಲಿ ಒಂದು ಹಳೆಯ ಮಾತಿದೆ, ಅದು ಮುಯ್ಯಿ. ಮದುವೆಯಲ್ಲಿ ಬಂದ ಉಡುಗೊರೆಗೆ ಮರಳಿ ಕೊಡುವುದು ಮುಯ್ಯಿ; ಒಬ್ಬನ ಹೊಲದ ಕೆಲಸಕ್ಕೆ ಹೋದವನಿಗೆ ಅವನು ತನ್ನ ಸರದಿಯಲ್ಲಿ ಬಂದು ದುಡಿಯುವುದು ಮುಯ್ಯಾಳು. ದಾನದಲ್ಲಿ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಮುಯ್ಯಿಯಲ್ಲಿ ಎರಡೂ ಕೈಗಳು ಒಂದೇ ಮಟ್ಟದಲ್ಲಿರುವುವು. ಒಬ್ಬನಿಗೆ ಕೊಡುತ್ತಲೇ ಇದ್ದು, ಅವನಿಂದ ಏನನ್ನೂ ಸ್ವೀಕರಿಸದೆ ಇರುವುದು ಔದಾರ್ಯದಂತೆ ಕಂಡರೂ ಒಳಗೆ ಒಂದು ಬಗೆಯ ತಿರಸ್ಕಾರವೇ ಆಗಿರುವುದು. ಏಕೆಂದರೆ ಅವನಲ್ಲಿ ತನಗೆ ಬೇಕಾದುದೇನೂ ಇಲ್ಲವೆಂದು ದಾನಿಯು ದಿನದಿನವೂ ಹೇಳಿದಂತಾಗುವುದು. ಕೊಡುವ ಅವಕಾಶವನ್ನು ಕಳೆದುಕೊಂಡ ಮನುಷ್ಯನು ಹೊಟ್ಟೆ ತುಂಬಿದ್ದರೂ ಸೊರಗುವನು. ಬೇರೂರುವುದೇ ಮನುಷ್ಯನ ಆತ್ಮಕ್ಕೆ ಅತ್ಯಂತ ಅವಶ್ಯವಾದುದು, ಆದರೂ ಅದನ್ನು ಗುರುತಿಸಿದವರು ಕಡಮೆ, ಎಂಬುದು 1943ರಲ್ಲಿ ತನ್ನ ದೇಶದಿಂದ ದೂರವಾಗಿ ಲಂಡನ್ನಿನಲ್ಲಿದ್ದ ಫ್ರೆಂಚ್ ವಿದುಷಿ ಸಿಮೋನ್ ವೇಲಳ ಅಭಿಪ್ರಾಯ. ಬೇರು ಎಂಬುದು ನೆಲದಿಂದ ಹೀರುವುದು ಮಾತ್ರವಲ್ಲ, ನೆಲವನ್ನು ಹಿಡಿದೂ ನಿಲ್ಲಿಸುವುದು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಊರಿನ ಬಡವರಿಗೇ ಸಾಲದ ಅನ್ನದಲ್ಲಿ ಹೊರಗಿನವರಿಗೆ ಪಾಲು ಹೇಗೆ? ಬಂದವರಿಗೆಲ್ಲ ಬಾಗಿಲು ತೆರೆದರೆ ಮನೆಯು ಮನೆಯಾಗಿ ಉಳಿಯುವುದೇ? ಈ ಆಕ್ಷೇಪವನ್ನು ಬರಿಯ ಜಿಪುಣತನವೆಂದು ತಳ್ಳಿಬಿಡಲಾಗದು. ತತ್ತ್ವಜ್ಞರೂ ಇಲ್ಲಿ ಎಚ್ಚರದಿಂದ ನಡೆದಿರುವರು. ಭೂಮಿಯು ಗೋಳಾಕಾರವಾಗಿರುವುದರಿಂದ ಮನುಷ್ಯರು ಅನಂತವಾಗಿ ಚದರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಿಯೇ ತೀರಬೇಕು, ಆದಕಾರಣ ಪರದೇಶಿಯು ವೈರಿಯೆಂದೆಣಿಸಲ್ಪಡದಿರುವುದು ದಯೆಯಲ್ಲ, ಹಕ್ಕು ಎಂದು 1795ರಲ್ಲಿ ಕಾಂಟನು ವಾದಿಸಿದನು. ಆದರೆ ಆ ಹಕ್ಕನ್ನು ಬಂದುಹೋಗುವುದಕ್ಕೆ ಮಾತ್ರ ಸೀಮಿತಗೊಳಿಸಿದನು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಸಾರಿದ ಮಾನವಹಕ್ಕುಗಳ ಘೋಷಣೆಯಲ್ಲಿಯೂ ಆಶ್ರಯವನ್ನು ಅರಸುವ ಹಾಗೂ ಅನುಭವಿಸುವ ಹಕ್ಕಿದೆ. ಆಶ್ರಯವನ್ನು ಕೊಟ್ಟೇ ತೀರಬೇಕೆಂಬ ಕಟ್ಟಳೆಯಿಲ್ಲ. ನಿರಾಶ್ರಿತರನ್ನು ಕುರಿತ 1951ರ ಒಪ್ಪಂದಕ್ಕೆ ಭಾರತವು ಸಹಿ ಹಾಕಿಲ್ಲ. ಬೇಡುವ ಹಕ್ಕಿಗೂ ಕೊಡುವ ಕರ್ತವ್ಯಕ್ಕೂ ನಡುವೆ ಇರುವ ಈ ಬಯಲನ್ನು ಕಾಯಿದೆಯು ತುಂಬಿಲ್ಲ, ಸಮಾಜವೇ ತುಂಬಬೇಕಾಗಿದೆ.

ಸಮಾಧಾನವೇನೆಂದರೆ, ಆಕ್ಷೇಪಿಸುವವರು ಬಂದವನನ್ನು ಬಾಯಿಯೆಂದು ಎಣಿಸಿರುವರೇ ಹೊರತು ಕೈಯೆಂದು ಎಣಿಸಿಲ್ಲ. ಬೈಲಕುಪ್ಪೆಯ ದೃಷ್ಟಾಂತವನ್ನು ನೋಡಬಹುದು. 1960ರ ಸುಮಾರಿಗೆ ಮೈಸೂರು ಸರಕಾರವು ಟಿಬೆಟ್ಟಿನಿಂದ ಬಂದವರಿಗೆ ಅಲ್ಲಿ ಸುಮಾರು 3,000 ಎಕರೆ ನೆಲವನ್ನು ಒದಗಿಸಿತು. ಅದು ಉತ್ತ ಹೊಲವಲ್ಲ, ಕಾಡು. ಚಳಿಯ ನಾಡಿನಿಂದ ಬಂದವರು ಬಿಸಿಲಿನಲ್ಲಿ ಮರ ಕಡಿದು, ಮುಸುಕಿನ ಜೋಳ ಬಿತ್ತಿ, ಸಹಕಾರ ಸಂಘ ಕಟ್ಟಿ, ರತ್ನಗಂಬಳಿ ನೇಯ್ದು ನೆಲೆನಿಂತರು. 1966ರಲ್ಲಿ ಮುಂಡಗೋಡಿನಲ್ಲಿಯೂ ಅಂಥದೇ ನೆಲೆಯೊಂದು ಆಯಿತು. ಯಾದಗಿರಿಗೆ ಇನ್ನೂ ಸಮೀಪದ ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಪುನರ್ವಸತಿ ಶಿಬಿರಗಳಾದುವು. ಅವಕ್ಕೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಅಲ್ಲಿ ಗದ್ದೆಗಳುಂಟು, ದುರ್ಗಾಪೂಜೆಯುಂಟು. ಈ ನೆಲೆಗಳಲ್ಲಿ ಕಷ್ಟವಿಲ್ಲವೆಂದಲ್ಲ. ಕಾಗದಪತ್ರದ ತೊಡಕುಗಳು ತಲೆಮಾರುಗಳನ್ನು ಕಾಡಿದುವು. ಆದರೂ ಅಲ್ಲಿ ಬಂದವರಿಗೆ ದೊರೆತದ್ದು ಬರಿಯ ಗಂಜಿಯಲ್ಲ. ದುಡಿಯುವ ನೆಲವೂ, ಕೂಡಿ ಕುಳಿತು ಹಬ್ಬಮಾಡುವ ಎಡೆಯೂ ದೊರೆತುವು.

ಇದಕ್ಕೆ ಪ್ರತಿಯಾಗಿ ಗುಳೆ ಹೋದ ಕನ್ನಡಿಗನ ಪಾಡನ್ನು ಕನ್ನಡದ ರಾಜಧಾನಿಯಲ್ಲಿಯೇ ನೋಡಿದರೆ ನಾಚಿಕೆಯಾಗುವುದು. ಬೆಂಗಳೂರಿನ ಎತ್ತರದ ಮನೆಗಳನ್ನು ಕಟ್ಟುವ ಯಾದಗಿರಿಯವನು ಖಾಲಿ ನಿವೇಶನದಲ್ಲಿ ತಗಡು ತಾಡಪತ್ರಿಗಳ ಜೋಪಡಿಯಲ್ಲಿ ಮಲಗುವನು. ಅವನ ಮಾತು ಕನ್ನಡವೇ, ರಾಜ್ಯವೂ ಅವನದೇ. ಆದರೂ ನೆರೆಯ ಮನೆಗಳಿಗೆ ಅವನ ಹೆಸರು ತಿಳಿಯದು. ವಲಸೆಯ ಕೆಲಸಗಾರರಿಗಾಗಿ 1979ರಲ್ಲಿ ಆದ ಕಾಯಿದೆಯು ರಾಜ್ಯದ ಗಡಿ ದಾಟಿದವರನ್ನೇ ಕುರಿತದ್ದಾಗಿತ್ತು. ಮುಂಬಯಿಗೆ ಹೋದವನು ಅದರ ಲೆಕ್ಕಕ್ಕೆ ಬಂದರೂ ಬೆಂಗಳೂರಿಗೆ ಹೋದವನು ಬರಲಿಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಇಂಥವರು ದಾರಿಗೆ ಬಿದ್ದರು. ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯಲ್ಲಿ ಕಂಡ ರೋಗಿಗಳಲ್ಲಿ ಬಹುಮಂದಿ ಮಹಾರಾಷ್ಟ್ರದಿಂದ ಮರಳಿದವರಾಗಿದ್ದುದರಿಂದ, ಶಾಲೆ ವಿದ್ಯಾರ್ಥಿನಿಲಯಗಳಲ್ಲಿ ಇರಿಸಲ್ಪಟ್ಟ ಆ ಜನರಿಗೆ ಹುಟ್ಟಿದ ಊರೇ ಪರಸ್ಥಳವಾಯಿತು. ಪರಕೀಯತೆಯು ಹುಟ್ಟಿನಿಂದ ಬರುವುದಲ್ಲ, ನೋಡುವ ಕಣ್ಣಿನಿಂದ ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹಾಗಾದರೆ ಮಾಡತಕ್ಕುದೇನು? ಅನ್ನ, ಔಷಧ, ಕಂಬಳಿಗಳು ಮೊದಲು ಬೇಕು. ಹಸಿದವನೆದುರು ತತ್ತ್ವ ಹೇಳುವುದು ಪಾಪ. ಜೋಪಡಿಯ ಮಕ್ಕಳಿಗಾಗಿ ನಡೆದ ಟೆಂಟು ಶಾಲೆಗಳಂಥ ಏರ್ಪಾಡುಗಳೂ ಬೇಕು. ಆದರೆ ಅಲ್ಲಿಗೇ ನಿಂತ ಸೇವೆಯು ಆಶ್ರಿತನನ್ನು ಆಶ್ರಿತನಾಗಿಯೇ ಉಳಿಸುವುದು. ಜೋಪಡಿಯಲ್ಲಿರುವವನಿಗೆ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ಬರುವುವು. ಮೊಹರಮ್ಮಿನ ರಿವಾಯತ ಪದಗಳು ಬರುವುವು. ಅವನ ಹೆಂಡತಿಯು ಬಡಿಯುವ ಜೋಳದ ರೊಟ್ಟಿಯ ಹದವು ನಗರದ ಅಡಿಗೆಮನೆಗೆ ತಿಳಿಯದು. ಕಂಬಳಿ ಹಂಚಿದ ಸಂಘವು ಅವನನ್ನು ತನ್ನ ಭಜನೆಗೆ ಹಾಡುಗಾರನಾಗಿ ಕರೆದರೆ, ಗಣೇಶನ ಉತ್ಸವದ ಕೆಲಸದಲ್ಲಿ ಅವನಿಗೂ ಒಂದು ಹೊಣೆ ಕೊಟ್ಟರೆ, ವಾಚನಾಲಯದ ಬಾಗಿಲಲ್ಲಿ ಅವನ ಹೆಸರು ಹಿಡಿದು ಮಾತಾಡಿಸಿದರೆ, ಕಂಬಳಿಯಿಂದಾಗದ ಕೆಲಸವು ಆಗುವುದು. ಅಂದು ಅವನಿಗೆ ಮುಯ್ಯಿ ತೀರಿಸುವ ದಾರಿ ತೆರೆಯುವುದು. ಹಾಗೆಯೇ ಹಿಂದೆ ಊರಲ್ಲಿ ಉಳಿದ ಮುದುಕರ ಕ್ಷೇಮವನ್ನು ವಾರಕ್ಕೊಮ್ಮೆ ವಿಚಾರಿಸಿ, ಹೋದವರಿಗೆ ತಿಳಿಸುವ ನಾಲ್ಕು ಮಂದಿ ಪ್ರತಿ ಗ್ರಾಮದಲ್ಲಿಯೂ ಇದ್ದರೆ, ಗುಳೆ ಹೋದವನು ಊರನ್ನು ಕಳೆದುಕೊಂಡವನಾಗಲಾರನು.

ಈ ಮಾರ್ಗವು ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವು ಬಂದವರ ಊರು. ಬಾಗೇವಾಡಿಯಿಂದ ಬಸವಣ್ಣನು ಬಂದನು, ಬಳ್ಳಿಗಾವೆಯಿಂದ ಅಲ್ಲಮನು, ಉಡುತಡಿಯಿಂದ ಅಕ್ಕನು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದನೆಂದು ಹೇಳುವ ಮೋಳಿಗೆಯ ಮಾರಯ್ಯನು ಅಲ್ಲಿ ಕಟ್ಟಿಗೆಯ ಹೊರೆ ಮಾರಿ ಜೀವಿಸಿದನು. ಮಾರಿ ಬಂದುದರಲ್ಲಿ ದಾಸೋಹ ನಡೆಯಿಸಿದನು. ಎಲ್ಲರಿಗೂ ಕಾಯಕವುಂಟು, ಎಲ್ಲರಿಗೂ ದಾಸೋಹವುಂಟು; ಆದುದರಿಂದ ಅಲ್ಲಿ ಯಾರೂ ಆಶ್ರಿತರಾಗಿ ಉಳಿಯಲಿಲ್ಲ. ಆ ಕಲ್ಯಾಣವು ಒಡೆದಾಗ ಅದೇ ಶರಣರು ದಿಕ್ಕುದಿಕ್ಕಿಗೆ ಚದರಿ, ಚನ್ನಬಸವಣ್ಣನೊಡನೆ ಉಳವಿಯ ಕಾಡನ್ನು ಸೇರಿದರು. ಆಶ್ರಯ ಕೊಟ್ಟವರೇ ಆಶ್ರಯ ಬೇಡುವವರಾದರು.

ಈ ಚಕ್ರವು ನಿಂತಿಲ್ಲ. ಇಂದು ಒಳಗಿರುವವನು ನಾಳೆ ಹೊರಗಿರಬಹುದೆಂಬ ಭಯದಿಂದ ಬಾಗಿಲು ತೆರೆಯುವುದು ಜಾಣತನ. ಬಂದವನು ದುಃಖಿಯೆಂದು ತೆರೆಯುವುದು ದಯೆ. ಬಂದವನಿಲ್ಲದೆ ತನ್ನ ಊರು ಅಷ್ಟು ಕಡಮೆಯಾಗುವುದೆಂದು ತಿಳಿದು ತೆರೆಯುವುದು ಧರ್ಮ. ಅತಿಥಿಯಾಗಿ ಬಂದವನನ್ನು ಆಶ್ರಿತನಾಗಿ ಬಿಡದೆ ನೆರೆಯವನನ್ನಾಗಿ ಮಾಡಿಕೊಂಡ ಊರು ದಾನ ಮಾಡಿದ ಊರಲ್ಲ, ಬೆಳೆದ ಊರು.