ಸುಮ್ಮನೆ ಹೋಗಿ ಬಂದೆವು

ನಮ್ಮ ಜಮಖಂಡಿ, ಬನಹಟ್ಟಿ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಚೀಲ ಹಿಡಿದು ಊರು ಬಿಟ್ಟು ಹೊರಟಳೆಂದರೆ ಕಂಡವರು ಕೇಳುವ ಮೊದಲ ಮಾತು ‘ಎಲ್ಲಿಗೆ?’ ಎಂದಲ್ಲ, ‘ಯಾಕ ಹೊಂಟೀರಿ?’ ಎಂದು. ಊರಿನ ಹೆಸರು ಆಮೇಲೆ. ಈ ಪ್ರಶ್ನೆಗೆ ಒಪ್ಪಿತವಾಗುವ ಉತ್ತರಗಳು ಬೆರಳೆಣಿಕೆಯಷ್ಟು: ತವರುಮನೆ, ಮದುವೆ, ಕುಬಸ, ಸಾವು, ಜಾತ್ರೆ, ಮೀರಜಿನ ದವಾಖಾನೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ‘ಏನಿಲ್ಲ, ಗಂಡ ಹೆಂಡತಿ ಸುಮ್ಮನ ನಾಕ ಊರ ನೋಡಿ, ಹೋಟೆಲಿನ್ಯಾಗ ಉಂಡು ಬರತೀವಿ’ ಎಂದರೆ ಮಾತ್ರ ಅವರ ಮುಖ ಬೇರೆಯಾಗುತ್ತದೆ. ಅದು ಸಿಟ್ಟಲ್ಲ, ಹೊಟ್ಟೆಕಿಚ್ಚೂ ಅಲ್ಲ. ಕೈಯಲ್ಲಿ ಬಂದ ದಶಕವನ್ನು ಕೂಡಿಸಲು ಮರೆತ ಹುಡುಗನನ್ನು ನೋಡುವಾಗ ನಮ್ಮ ಶಾಲೆಯ ಗಣಿತದ ಮಾಸ್ತರರ ಮುಖದಲ್ಲಿ ಬರುತ್ತದಲ್ಲ, ಅಂಥದ್ದು.

ನನ್ನ ತಾಯಿ ತನ್ನ ಇಡೀ ಆಯುಷ್ಯದಲ್ಲಿ ಕಾರಣವಿಲ್ಲದೆ ಚಿಮ್ಮಡದ ಗಡಿ ದಾಟಲಿಲ್ಲ. ಪಂಢರಪುರಕ್ಕೆ ಎರಡು ಸಲ, ಶ್ರೀಶೈಲಕ್ಕೆ ಒಂದು ಸಲ, ಕೂಡಲಸಂಗಮಕ್ಕೆ ಹಲವು ಸಲ, ಕಣ್ಣಿನ ಆಪರೇಶನ್ನಿಗೆಂದು ಮೀರಜಿಗೆ ಒಮ್ಮೆ. ಮೀರಜಿನಿಂದ ಬಂದವಳು ಆಪರೇಶನ್ನಿನ ಕಥೆಯನ್ನು ಎರಡು ದಿನದಲ್ಲಿ ಮುಗಿಸಿದಳು. ಹೋಗುವಾಗ ಕುಡಚಿಯ ಹತ್ತಿರ ಸೇತುವೆಯ ಮೇಲಿನಿಂದ ಕಂಡ ಕೃಷ್ಣೆಯ ಬಗ್ಗೆ ಮಾತ್ರ ತಿಂಗಳುಗಟ್ಟಲೆ ಹೇಳುತ್ತಿದ್ದಳು. ತಿರುಗಿ ಬರುವಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರಂತೆ, ಇನ್ನೊಂದು ಕಣ್ಣಿನಿಂದಲೇ ಮತ್ತೊಮ್ಮೆ ನೋಡಿದಳಂತೆ. ಅಂದರೆ ಅವಳಿಗೂ ನೋಡುವ ಆಸೆ ಇತ್ತು. ಅದನ್ನು ದೇವರ, ಇಲ್ಲವೆ ರೋಗದ ಹೆಸರಿನಲ್ಲಿ ಸೆರಗಿಗೆ ಕಟ್ಟಿಕೊಂಡು ತರಬೇಕಾಗಿತ್ತು, ಅಷ್ಟೆ.

ಈ ವಿಚಾರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತದ್ದು ನನ್ನ ಅಕ್ಕನ ಮಗಳ ಸ್ಪೇನ್ ಪ್ರವಾಸದಿಂದ. ಬೆಂಗಳೂರಿನಲ್ಲಿ ಅವಳೂ ಅವಳ ಗಂಡನೂ ನೌಕರಿ ಮಾಡುತ್ತಾರೆ. 2024ರ ಜೂನ್ ತಿಂಗಳಲ್ಲಿ ಹನ್ನೆರಡು ದಿನ ಮ್ಯಾಡ್ರಿಡ್, ಟೊಲೆಡೊ, ಕೊರ್ಡೊಬಾ, ಸೆವಿಲ್ಲ, ಗ್ರನಾಡಾ, ಬಾರ್ಸಿಲೋನಾ ಎಂದು ಊರಿಂದೂರಿಗೆ ತಿರುಗಿ ಬಂದರು. ಊರಿಗೆ ಬಂದಾಗ ಫೋಟೋ ತೋರಿಸಿದಳು. ಕೊರ್ಡೊಬಾದಲ್ಲಿ ಎಂಟನೆಯ ಶತಮಾನದಲ್ಲಿ ಕಟ್ಟಲು ಶುರು ಮಾಡಿದ ಮಸೀದಿ, 1236ರಿಂದ ಅದೇ ಕಟ್ಟಡ ಚರ್ಚು. ಒಳಗೆ ಕಾಡಿನಂತೆ ಕಂಬಗಳು, ಕೆಂಪು ಬಿಳಿ ಪಟ್ಟೆಯ ಕಮಾನುಗಳು. ‘ಚಿಕ್ಕವ್ವಾ, ಅಲ್ಲಿ ನಿಂತಾಗ ನಮ್ಮ ವಿಜಯಪುರದ ಜುಮ್ಮಾ ಮಸೀದಿ ನೆನಪಾತು’ ಎಂದಳು. ಅಲ್ಲಿಯ ಜನ ರಾತ್ರಿ ಹತ್ತಕ್ಕೆ ಉಣ್ಣುತ್ತಾರಂತೆ. ಅದಕ್ಕೊಂದು ಕಾರಣ ಅವರ ಗಡಿಯಾರ. ಆ ದೇಶ ಹೆಚ್ಚುಕಡಿಮೆ ಲಂಡನ್ನಿನ ನೇರಕ್ಕೇ ಇದ್ದರೂ 1940ರಲ್ಲಿ ಜರ್ಮನಿಯ ಹೊತ್ತಿಗೆ ಸರಿಯಾಗಿ ಮುಳ್ಳನ್ನು ಒಂದು ತಾಸು ಮುಂದಕ್ಕೆ ಸರಿಸಿದರು, ಮತ್ತೆ ಹಿಂದಕ್ಕೆ ತರಲೇ ಇಲ್ಲ. ಊಟಕ್ಕೂ ಮುಂಚೆ ಅಂಗಡಿಯಿಂದ ಅಂಗಡಿಗೆ ಹೋಗುತ್ತ ಸಣ್ಣ ಸಣ್ಣ ಬಶಿಯಲ್ಲಿ ತಾಪಾಸ್ ಎಂದು ತಿನ್ನುತ್ತಾರೆ. ಸುಟ್ಟ ರೊಟ್ಟಿಗೆ ಬೆಳ್ಳುಳ್ಳಿ, ಟೊಮೆಟೊ ತಿಕ್ಕಿ ಎಣ್ಣೆ ಹನಿಸಿದರೆ ಅದೇ ಒಂದು ತಿಂಡಿ. ಟೊಮೆಟೊ, ಬಟಾಟೆ, ಮೆಣಸಿನಕಾಯಿ ಇವೆಲ್ಲ ಕೊಲಂಬಸ್ಸನ ನಂತರ ಅಮೆರಿಕದಿಂದ ಯುರೋಪಿನವರ ಹಡಗಿನಲ್ಲಿ ಬಂದು ಆಮೇಲೆ ನಮ್ಮ ತನಕ ಮುಟ್ಟಿದವು. ನಮ್ಮ ರಂಜಕದ ಮೂಲವೂ ಹಾಗೆ ಹೊರಗಿನದೇ. ಇದನ್ನು ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ!

ಫೋಟೋ ನೋಡಿ ಮುಗಿದ ಮೇಲೆ ನಮ್ಮ ಹಿರಿಯಣ್ಣ ಕೇಳಿದ: ‘ಎಲ್ಲಾ ಖರೆ. ಅಲ್ಲಿ ನಿಮ್ಮದೇನು ಕೆಲಸ ಇತ್ತು?’ ಹುಡುಗಿ, ‘ಏನೂ ಇರಲಿಲ್ಲ ಮಾಮಾ, ನೋಡಿದಿವಿ, ಉಂಡಿವಿ, ಬಂದಿವಿ’ ಎಂದಳು. ಅಣ್ಣ ಆ ರೊಕ್ಕದಲ್ಲಿ ಏನೇನು ಆಗಬಹುದಿತ್ತು ಎಂದು ಎಣಿಸತೊಡಗಿದ. ಬೋರ್‌ವೆಲ್, ಬಂಗಾರ, ಮನೆಯ ಮೇಲೊಂದು ಮಜಲು.

ಇದೇ ಅಣ್ಣ ಮಗನ ಮದುವೆಗೆ ಎರಡು ಸಾವಿರ ಜನಕ್ಕೆ ಊಟ ಹಾಕಿಸಿದಾಗ ಅದರಲ್ಲೇನಾಗಬಹುದಿತ್ತು ಎಂದು ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ, ಹೋಳಿಗೆ ಚೆನ್ನಾಗಿತ್ತು. ನಮ್ಮಲ್ಲಿ ಖರ್ಚು ಪಾಪವಲ್ಲ, ಸುಖವೂ ಪಾಪವಲ್ಲ. ಹತ್ತು ಮಂದಿಗೆ ತೋರಿಸದ, ಯಾವ ಕರ್ತವ್ಯದ ಹೆಸರೂ ಇಲ್ಲದ ಸುಖವೇ ಅನುಮಾನದ್ದು. ಅದರಲ್ಲಿಯೂ ಗಂಡನೂ ಹೆಂಡತಿಯೂ ಇಬ್ಬರೇ ಕೂಡಿ ಪಟ್ಟದ್ದಾದರೆ ಕೇಳುವುದೇ ಬೇಡ.

ಶಾಲೆಯಲ್ಲಿಯೂ ಹೀಗೆಯೇ. ‘ದೇಶ ಸುತ್ತು, ಕೋಶ ಓದು’ ಎಂದು ಗೋಡೆಯ ಮೇಲೆ ಬರೆಸುತ್ತೇವೆ. ಆದರೆ ಮಕ್ಕಳನ್ನು ಪ್ರವಾಸಕ್ಕೆ ಒಯ್ಯುವಾಗ ಅದರ ಹಿಂದೆ ‘ಶೈಕ್ಷಣಿಕ’ ಎಂದು ಸೇರಿಸದಿದ್ದರೆ ಅರ್ಜಿ ಮುಂದೆ ಹೋಗದು. ನಾನು ಮಕ್ಕಳನ್ನು ಕಟ್ಟಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಆರು ಸಲ ಹೋಗಿದ್ದೇನೆ. ಆರು ಸಲವೂ ನಾನು ನೋಡಿದ್ದು ತಲೆಗಳನ್ನು. ಐವತ್ತೆರಡು ಇಳಿದವೇ, ಐವತ್ತೆರಡು ಹತ್ತಿದವೇ, ಅಗಸ್ತ್ಯತೀರ್ಥದ ದಂಡೆಗೆ ಯಾವನಾದರೂ ಇಳಿದನೇ, ಮಂಗ ಯಾರ ಚೀಲ ಕಸಿಯಿತು!

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೀಟಿನ ರೊಕ್ಕ ಇಲ್ಲದಾಯಿತು. ಆಗ ಕೇಳಿಬಂದ ಮಾತುಗಳನ್ನು ಓದುವ ನೀವೆಲ್ಲ ಕೇಳಿದ್ದೀರಿ. ‘ಮನಿ ಬಿಟ್ಟು ಅಡ್ಡಾಡಾಕ ಹತ್ಯಾರ’ ಎಂಬುದು ಅದರಲ್ಲಿ ತೀರ ಸೌಮ್ಯವಾದದ್ದು. ಸರಕಾರದ ಬೊಕ್ಕಸದ ಚಿಂತೆ ಇದ್ದವರೂ ಇದ್ದರು, ಆ ಚಿಂತೆಗೆ ಅದರದೇ ತೂಕವಿದೆ. ಆದರೆ ಚಹಾದಂಗಡಿಯಲ್ಲಿ ಕುಳಿತವರಿಗೆ ಬೊಕ್ಕಸಕ್ಕಿಂತ ‘ಅಡ್ಡಾಡುವುದು’ ಹೆಚ್ಚು ಚುಚ್ಚಿತ್ತು. ದವಾಖಾನೆಗೆ, ಕೂಲಿಗೆ ಹೋದರೆ ಸರಿ. ನಾಲ್ಕು ಮಂದಿ ಗೆಳತಿಯರು ನಗುತ್ತ ಹೊಳೆ ನೋಡಲು ಹೋದರೆ ಅದು ದುಂದು. ಚಹಾದಂಗಡಿಯಲ್ಲಿ ಎರಡು ತಾಸು ಕೂಡುವುದಕ್ಕೆ ಕಾರಣ ಕೇಳಿದವರು ಯಾರೂ ಇಲ್ಲ ಎಂಬುದು ನನ್ನ ಒಂದು ಸಣ್ಣ ಆಕ್ಷೇಪ.

ಇರಲಿ. ಆ ವರ್ಷ ದಸರೆಯ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಎರಡು ರಾತ್ರಿಗೆಂದು ಬಾದಾಮಿಗೆ ಹೋದೆವು. ಅಕ್ಕನ ಮಗಳ ಸ್ಪೇನು ನಮಗೆ ಮುಧೋಳ, ಲೋಕಾಪುರ ದಾಟಿದರೆ ಸಿಗುತ್ತದೆ. ನನಗೆ ಶೂನ್ಯದ ಟಿಕೀಟು, ಅವರಿಗೆ ಪೂರ್ತಿ ದರದ್ದು. ‘ಅರ್ಧ ಖರ್ಚಿನ ಸಂಸಾರ’ ಎಂದು ಕಂಡಕ್ಟರ್ ನಕ್ಕ. ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಮುಂಜಾನೆ ಕುಳಿತಾಗ ಹುಡುಗ ಬಂದು, ‘ಏನ ಕೊಡ್ಲಿ ಅಕ್ಕಾರ?’ ಎಂದ. ಇದು ನಾನು ಮೂವತ್ತೆರಡು ವರ್ಷ ದಿನಾ ಮುಂಜಾನೆ ಇತರರಿಗೆ ಕೇಳಿದ ಪ್ರಶ್ನೆ. ನನಗೇನು ಬೇಕು ಎಂದು ಯೋಚಿಸಲು ಎಷ್ಟು ಹೊತ್ತು ಹಿಡಿಯಿತೆಂದರೆ ಮನೆಯವರ ಚಹಾ ಬಂದು ಆರಿಹೋಯಿತು. ಹೋಟೆಲಿನ ಊಟ ಮನೆಯದಕ್ಕಿಂತ ರುಚಿ ಎಂದು ನಾನು ಹೇಳುವುದಿಲ್ಲ, ಉಪ್ಪಿಟ್ಟು ಅಂಟಾಗಿತ್ತು. ಆದರೆ ಉಂಡ ತಾಟನ್ನು ಬಿಟ್ಟು ಎದ್ದು ಬರುವುದಿದೆಯಲ್ಲ, ಅದರ ರುಚಿ ಗಂಡಸರಿಗೆ ಹೇಳಿ ತಿಳಿಸುವಂಥದ್ದಲ್ಲ. ಅವರಿಗೆ ಅದು ದಿನದ್ದು.

ಗವಿಗಳ ಹತ್ತಿರ ತಲೆ ಎಣಿಸುವ ಕೆಲಸ ಇರಲಿಲ್ಲವಾಗಿ ಮೊದಲ ಸಲ ಕತ್ತೆತ್ತಿ ನೋಡಿದೆ. ಮೂರನೆಯ ಗವಿ ಮಂಗಲೇಶ ಮಾಡಿಸಿದ್ದು, ಶಾಸನದ ಪ್ರಕಾರ ಕ್ರಿ.ಶ. 578ರದ್ದು. ಅದರ ಪಡಸಾಲೆಯಲ್ಲಿ ದೇವರೆಲ್ಲ ಕೆಲಸದಲ್ಲಿದ್ದಾರೆ. ವರಾಹ ಭೂದೇವಿಯನ್ನು ಎತ್ತಿದ್ದಾನೆ, ತ್ರಿವಿಕ್ರಮ ಕಾಲು ಚಾಚಿ ಲೋಕವನ್ನು ಅಳೆಯುತ್ತಿದ್ದಾನೆ. ಮೇಲೆ ಕಂಬಗಳ ಚಾಚುಪೀಠದಲ್ಲಿ ಜೋಡಿ ಜೋಡಿಯಾಗಿ ಗಂಡುಹೆಣ್ಣು ಮರದ ಕೆಳಗೆ ಒಬ್ಬರಿಗೊಬ್ಬರು ಆತು ನಿಂತಿದ್ದಾರೆ. ಅವರಿಗೆ ಯಾವ ಕೆಲಸವೂ ಇಲ್ಲ. ಯಾರನ್ನೂ ಕೊಲ್ಲುತ್ತಿಲ್ಲ, ಉದ್ಧರಿಸುತ್ತಿಲ್ಲ, ವರ ಬೇಡುತ್ತಿಲ್ಲ. ಇಂಥವರನ್ನು ದೇವರ ತಲೆಯ ಮೇಲೆಯೇ ಕಡೆಯಲು ಚಾಲುಕ್ಯರ ಕಾಲದವರಿಗೆ ಸಂಕೋಚವಾಗಲಿಲ್ಲ. ಐಹೊಳೆಯ ದುರ್ಗದ ಗುಡಿಯ ಕಂಬಗಳಲ್ಲಿಯೂ ಇಂಥ ಜೋಡಿಗಳಿವೆ. ಗುಡಿಗೆ ಬರುವವರು ಇವರನ್ನು ದಾಟಿಯೇ ಒಳಗೆ ಹೋಗಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಗಂಡ ಕಂಚಿಯನ್ನು ಗೆದ್ದ ನೆನಪಿಗೆ ಇವು ಎದ್ದವು. ಇಂಥ ಗುಡಿ ಕಟ್ಟಿಸುವ ಕಣ್ಣಿದ್ದ ಹೆಣ್ಣುಮಗಳೂ ಗಂಡನ ಗೆಲುವನ್ನು ಕಾರಣವಾಗಿ ತೋರಿಸಬೇಕಾಯಿತೇನೋ ಎಂದು ನನಗನ್ನಿಸಿತು. ಮನೆಯವರು, ‘ಇತಿಹಾಸಕ್ಕ ನಿನ್ನ ಸ್ಟಾಫ್‌ರೂಮಿನ ಮಾತು ಹಚ್ಚಬ್ಯಾಡ’ ಎಂದರು. ಅವರ ಮಾತಿನಲ್ಲಿ ಹುರುಳಿರಬಹುದು.

ಇಲ್ಲಿಯವರೆಗೆ ನನ್ನ ವಾದ ಸಲೀಸು. ಸುಖಕ್ಕೆ ಕಾರಣ ಬೇಕಿಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು. ಆದರೆ ಮರುದಿನ ಮಧ್ಯಾಹ್ನ ಬನಶಂಕರಿಗೆ ಹೋದೆವು. ಅಲ್ಲಿ ಹರಿದ್ರಾತೀರ್ಥದ ಆಸುಪಾಸು ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ ತಂದು ಮಾರುತ್ತಾರೆಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಲೆ, ಕೆಂಪು ಖಾರ, ಶೇಂಗಾ ಹಿಂಡಿ, ಗಡಿಗೆಯ ಮೊಸರು. ನನ್ನಷ್ಟೇ ವಯಸ್ಸಿನ ಒಬ್ಬಾಕೆಯ ಮುಂದೆ ಕುಳಿತೆವು. ರೊಟ್ಟಿ ಕಾಗದದಷ್ಟು ತೆಳು. ನಸುಕಿನ ಮೂರಕ್ಕೆ ಎದ್ದು ಬಡಿಯುತ್ತಾಳಂತೆ. ಅವಳ ಕೈಯ ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

‘ಬಾದಾಮಿ ಗವಿ ನೋಡೀರೇನು?’ ಎಂದು ಕೇಳಿದೆ.

‘ಸಣ್ಣಾಕಿ ಇದ್ದಾಗ ಒಮ್ಮೆ ಸಾಲೀಲಿಂದ. ಈಗ ಯಾಕ ಹೋಗಲಿ ರೀ?’

ಐದು ಕಿಲೋಮೀಟರ್ ದಾರಿ, ಬಸ್ಸಿಗೆ ರೊಕ್ಕವಿಲ್ಲ. ಆದರೂ ‘ಯಾಕ?’ ಎಂಬುದನ್ನು ಅವಳಿಗೆ ಬೇರೆಯವರು ಕೇಳುವ ಅಗತ್ಯವಿರಲಿಲ್ಲ, ತಾನೇ ಕೇಳಿಕೊಂಡಳು. ಆಮೇಲೆ, ‘ನೀವು ದೇವರಿಗೆ ನಡಕೊಳ್ಳಾಕ ಬಂದೀರೇನು?’ ಎಂದಳು. ಇಲ್ಲ, ಸುಮ್ಮನೆ ಬಂದೆವು ಎಂದೆ. ಅವಳು ನಕ್ಕು, ‘ಚಲೋ ಆತು. ದೇವರಿಗೆ ಬರೋರು ಬುತ್ತಿ ಕಟಿಗೊಂಡು ಬರತಾರ. ಸುಮ್ಮನ ಬರೋರು ಇದ್ದರನ ನಮ್ಮ ರೊಟ್ಟಿ ಖರ್ಚಾಗೂದು’ ಎಂದಳು.

ಅಣ್ಣನಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ. ನಮ್ಮ ಸುಮ್ಮನೆಯಿಂದ ಒಂದು ಒಲೆ ಉರಿಯುತ್ತದೆ. ಆದರೂ ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಒಬ್ಬ ಹೆಣ್ಣುಮಗಳು ಎರಡು ದಿನ ರೊಟ್ಟಿ ಬಡಿಯದಿರಬೇಕಾದರೆ ಇನ್ನೊಬ್ಬಳು ಮೂರಕ್ಕೆ ಏಳಬೇಕು. ರೊಕ್ಕ ಕೊಟ್ಟೆವು ನಿಜ, ಬೆಲೆ ಚೌಕಾಶಿ ಮಾಡಲು ಬಾಯಿ ತೆರೆದ ಮನೆಯವರನ್ನು ನಾನು ಕಣ್ಣಿನಲ್ಲೇ ತಡೆದೆ. ಆ ರೊಕ್ಕ ಅವಳ ಶ್ರಮಕ್ಕಾಯಿತು. ಅವಳ ‘ಯಾಕ’ಕ್ಕೆ ಏನು ಕೊಡಬೇಕು?

ಸ್ಪೇನಿನ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. ಅಕ್ಕನ ಮಗಳು ತಿರುಗಿ ಬಂದ ಮುಂದಿನ ತಿಂಗಳು, 2024ರ ಜುಲೈಯಲ್ಲಿ, ಬಾರ್ಸಿಲೋನಾದ ನಿವಾಸಿಗಳು ಬೀದಿಗಿಳಿದರು. ಹೋಟೆಲಿನ ಹೊರಗೆ ಕುಳಿತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಯಿಂದ ನೀರು ಹಾರಿಸಿದರು. ಆ ವರ್ಷ ಐದು ಕೋಟಿಯೊಳಗಿನ ಜನರಿರುವ ಆ ದೇಶಕ್ಕೆ ಹೊರಗಿನಿಂದ ಒಂಬತ್ತು ಕೋಟಿಗೂ ಹೆಚ್ಚು ಮಂದಿ ಬಂದಿದ್ದರು. ಬಾಡಿಗೆಯ ಮನೆಗಳೆಲ್ಲ ಪ್ರವಾಸಿಗರ ಕೋಣೆಗಳಾದವು, ಊರಿನವರಿಗೆ ಬಾಡಿಗೆ ಕೈಗೆ ನಿಲುಕದಾಯಿತು. ಪ್ರವಾಸಿಗರ ಮನೆಗಳ ಸುಮಾರು ಹತ್ತು ಸಾವಿರ ಪರವಾನಗಿಗಳನ್ನು 2028ರ ನವೆಂಬರಿನ ಹೊತ್ತಿಗೆ ಮುಗಿಸುವುದಾಗಿ ಅಲ್ಲಿಯ ಮೇಯರರು ಹೇಳಿದ್ದಾರೆ. ಸುದ್ದಿ ನೋಡಿ ಅಣ್ಣ ಫೋನ್ ಮಾಡಿ, ‘ನೋಡಿದೇನು, ಕೆಲಸ ಇಲ್ಲದವರ ಮ್ಯಾಲೆ ನೀರು ಉಗ್ಗ್ಯಾರ’ ಎಂದು ಖುಷಿಪಟ್ಟ. ಆ ನೀರು ಕೆಲಸವಿಲ್ಲದವರ ಮೇಲೆ ಬಿದ್ದದ್ದಲ್ಲ. ತಾವು ಉಣ್ಣುವ ಜಾಗದಲ್ಲಿ ಮತ್ತೊಬ್ಬರು ಬದುಕುತ್ತಿದ್ದಾರೆಂಬುದು ಕಾಣದವರ ಮೇಲೆ ಬಿದ್ದದ್ದು ಎಂದು ನನ್ನ ತಿಳಿವಳಿಕೆ. ಅಕ್ಕನ ಮಗಳಿಗೆ ಕೇಳಿದೆ: ಅಲ್ಲಿ ನೀವು ಉಳಿದ ಮನೆಯಲ್ಲಿ ಮೊದಲು ಯಾರಿದ್ದರು? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಾಗಿಲದ ಮ್ಯಾಲೆ ಹಳೇ ಹೆಸರಿನ ಪಾಟಿ ಇತ್ತು ಚಿಕ್ಕವ್ವಾ, ತಗದಿರಲಿಲ್ಲ’ ಎಂದಳು. ಅದರ ಫೋಟೋ ಅವಳು ತೆಗೆದಿರಲಿಲ್ಲ.

ಕಾರಣವಿಲ್ಲದೆ ಹೋಗುವುದು ತಪ್ಪಲ್ಲ ಎಂಬ ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಾಗೆ ಹೋಗುವ ಸರದಿ ಯಾರಿಗೆ ಬಂತು, ಯಾರಿಗೆ ಇನ್ನೂ ಬಂದಿಲ್ಲ ಎಂದು ನೋಡಿಕೊಳ್ಳಬೇಕಾಗುತ್ತದೆ. ಬನಶಂಕರಿಯ ಆ ತಾಯಿಗೆ ಸರದಿ ತಂದುಕೊಡುವ ಶಕ್ತಿ ನನಗಿಲ್ಲ. ನಾವು ಬಾದಾಮಿಯಲ್ಲಿದ್ದ ಎರಡೂ ದಿನ ಚಿಮ್ಮಡದ ನಮ್ಮ ಒಲೆಯ ಮುಂದೆ ಕುಳಿತಿದ್ದವಳು ನನ್ನ ಸೊಸೆ. ಅದಷ್ಟು ನನ್ನ ಕೈಯಲ್ಲಿತ್ತು.

ಸಂಕ್ರಮಣ ಮುಗಿದ ಮೇಲೆ ಮೊಮ್ಮಗನನ್ನು ನನ್ನ ಹತ್ತಿರ ಇಟ್ಟುಕೊಂಡು ಮಗ ಸೊಸೆಯನ್ನು ಮೂರು ದಿನಕ್ಕೆ ಕಳಿಸಿದೆ. ಅವಳಿಗೆ ಸಮುದ್ರ ನೋಡುವುದಿತ್ತು, ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಮುದ್ರದ ದಂಡೆಗಳನ್ನೆಲ್ಲ ಹುಡುಕಿ ಕೊನೆಗೆ ಗೋಕರ್ಣವನ್ನು ಆರಿಸಿದಳು. ‘ಯಾಕ ಅದನ್ನ?’ ಎಂದು ಕೇಳಿದ್ದಕ್ಕೆ, ‘ಗೋಕರ್ಣ ಅಂದರ ಓಣ್ಯಾಗ ಯಾರೂ ಮುಂದ ಕೇಳೂದಿಲ್ಲರೀ ಅತ್ತಿ’ ಎಂದಳು.