ಅಂಗಳದ ಕಾರು, ಎಲ್ಲರ ಗಾಳಿ

ಜತ್ತ ತಾಲೂಕಿನ ಕುಣಿಕೋಣೂರದಂತಹ ಊರುಗಳಲ್ಲಿ ಕೆಟ್ಟದ್ದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವುದು ಮರ್ಯಾದೆಯ ಮಾತು. ಕುಂಟೆಯಿಂದ ಹಿಡಿದು ನೀರೆತ್ತುವ ಮೋಟಾರಿನವರೆಗೆ ನಮ್ಮ ಹಿರಿಯರು ಕೈಯಾಡಿಸದ ವಸ್ತುವಿಲ್ಲ. ಈಗ ಅಂಗಳಕ್ಕೆ ಕಾರು ಬಂದಿದೆ. ಬೇಸಿಗೆಯಲ್ಲಿ ಅದರ ಏಸಿ ತಂಪು ನೀಡದಿದ್ದರೆ ಕೈ ತಾನಾಗಿ ಪಾನಾದತ್ತ ಹೋಗುತ್ತದೆ. ಹೋಗಲಿ. ಧೂಳು ತುಂಬಿದ ಫಿಲ್ಟರನ್ನು ಬದಲಿಸುವುದು, ಮುಂಭಾಗದ ಕಂಡೆನ್ಸರಿಗೆ ಅಂಟಿದ ಕೆಸರನ್ನು ಮೆಲ್ಲಗೆ ತೊಳೆಯುವುದು, ಫ್ಯೂಸು ನೋಡುವುದು, ಇವುಗಳಲ್ಲಿ ಲಾಭವಾದರೂ ನಷ್ಟವಾದರೂ ನಮ್ಮದೇ.

ಅನಿಲದ ನಳಿಕೆಯ ಜೋಡಣೆಯನ್ನು ಸಡಿಲಿಸುವಾಗ ಮಾತ್ರ ಪ್ರಶ್ನೆ ಬದಲಾಗುತ್ತದೆ. ರಭಸದಿಂದ ಚಿಮ್ಮುವ ಆ ಅನಿಲ ಕಣ್ಣಿಗೆ, ಚರ್ಮಕ್ಕೆ ಅಪಾಯಕಾರಿ. ಅದು ಬಿಚ್ಚುವವನ ಪಾಡು. ನಾವು ಕೇಳಬೇಕಾದದ್ದು ಬೇರೆ: ಹೊರಗೆ ಹೋದದ್ದು ಯಾರ ಪಾಲಿಗೆ ಹೋಯಿತು? ನಮ್ಮ ಬಹುತೇಕ ಕಾರುಗಳಲ್ಲಿರುವ ಆರ್-134ಎ ಅನಿಲ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಅರ್ಧ ಕಿಲೋ ಅನಿಲವನ್ನು ಗಾಳಿಗೆ ಬಿಟ್ಟರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹೊರೆ, ಕಾರು ಒಂದು ಮಾರೂ ಚಲಿಸದೆ!

“ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎನ್ನುವ ನಮ್ಮ ಮಾತಿನಲ್ಲೇ ಒಂದು ಭ್ರಮೆ ಅಡಗಿದೆ. ಅದು ಪೆಟ್ರೋಲಿನಂತೆ ಮುಗಿಯುವ ವಸ್ತುವಲ್ಲ. ಕಂಪ್ರೆಸರು ಅದನ್ನು ಒತ್ತುತ್ತದೆ, ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ, ಒಳಗೆ ಮತ್ತೆ ಆವಿಯಾಗಿ ನಮ್ಮ ಸೆಕೆಯನ್ನು ಹೀರುತ್ತದೆ. ಅದೇ ಅನಿಲ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ಪ್ರತಿ ಬೇಸಿಗೆಯಲ್ಲೂ ತುಂಬಿಸುವುದೆಂದರೆ, ಹಣ ಕೊಟ್ಟು ಆಕಾಶಕ್ಕೆ ಸುರಿಯುವುದು.

ಓಜೋನ್ ಪದರವನ್ನು ಕೊರೆಯುತ್ತಿದ್ದ ಹಿಂದಿನ ಅನಿಲಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಅವುಗಳ ಬದಲು ಬಂದ ಆರ್-134ಎ ಓಜೋನನ್ನು ಉಳಿಸಿತು, ಶಾಖವನ್ನು ಉಳಿಸಿಕೊಂಡಿತು. ಇಂತಹ ಅನಿಲಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಆದರೆ ಒಪ್ಪಂದಗಳ ಕಣ್ಣು ನಮ್ಮ ಅಂಗಳದವರೆಗೆ ಬರಲಾರದು.

ಕಾಲುವೆಯ ತುದಿಯಲ್ಲಿರುವವರ ಸಂಕಟ ಏನೆಂದು ಜತ್ತ ತಾಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮ್ಹೈಸಾಳದಲ್ಲಿ ಎತ್ತಿದ ಕೃಷ್ಣೆಯ ನೀರಿಗಾಗಿ ಕಾದು ಕುಳಿತ ನಾವು, ಮೇಲಿನವರು ನಮ್ಮನ್ನು ನೆನೆಯಲಿ ಎಂದು ಬಯಸಿದೆವು. ಗಾಳಿಯ ವಿಷಯದಲ್ಲಿ ಕಾರುಳ್ಳ ನಾವೇ ಮೇಲಿನವರು. ಬಿಸಿಲಲ್ಲಿ ಜೋಳದ ರಾಶಿ ಮಾಡುವವರು ತುದಿಯವರು.

ಮೆಕ್ಯಾನಿಕರೂ ಅನಿಲವನ್ನು ಹೊರಗೇ ಬಿಡುತ್ತಾರಲ್ಲ ಎಂಬ ಆಕ್ಷೇಪವುಂಟು. ನಿಜ, ಹಾಗೆ ಬಿಡುವ ಅಂಗಡಿ ನಮ್ಮ ಅಂಗಳಕ್ಕಿಂತ ಪವಿತ್ರವೇನಲ್ಲ. ಅನಿಲವನ್ನು ಸಿಲಿಂಡರಿಗೆ ಹಿಂದೆಳೆದುಕೊಳ್ಳುವ ಯಂತ್ರವಿದೆಯೇ, ಮೊದಲು ಸೋರಿಕೆಯನ್ನು ಹುಡುಕುತ್ತೀರಾ ಎಂದು ಕೇಳಿಯೇ ಕಾರನ್ನು ಒಪ್ಪಿಸಬೇಕು. ಅಂತಹ ಅಂಗಡಿ ದೂರದ ಪಟ್ಟಣದಲ್ಲಿರಬಹುದು, ಖರ್ಚೂ ಹೆಚ್ಚಾಗಬಹುದು, ಹೋಗಲು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಕಿಟಕಿ ಇಳಿಸಿಕೊಂಡು ಓಡಾಡಬಹುದು.